ಹೆಸರಿಡುವ ಮುನ್ನ ಕಿವಿಗೊಡಿ: ಪ್ರಾರ್ಥನಾ ಕೂಟಗಳನ್ನು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕ್ರಿಸ್ತನಲ್ಲಿ ಪ್ರಿಯರಾದ ಸಭಾಪಾಲಕರೇ, ಹಿರಿಯರೇ, ಮನೆಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆಸುವ ಸಹೋದರ ಸಹೋದರಿಯರೇ,



ಕೂಟ ಮುಗಿದು, ಚಾಪೆ ಮಡಚಿ, ಎಲ್ಲರ ಕೈಗೆ ಚಹಾ ಬರುವ ಹೊತ್ತಿಗೆ ಯಾರೋ ಒಬ್ಬರು ನಿಮ್ಮ ಹತ್ತಿರ ಬಂದು ನಿಲ್ಲುತ್ತಾರೆ. "ಪಾಸ್ಟರ್, ಪ್ರಾರ್ಥನೆಗೆ ಕೂತರೆ ಮಾತೇ ಬರ್ತಿಲ್ಲ" ಅನ್ನುತ್ತಾರೆ. "ಅಕ್ಕಾ, ದೇವರು ನನ್ನ ಕೈಬಿಟ್ಟಿದ್ದಾನೆ ಅನ್ನಿಸ್ತಿದೆ" ಅನ್ನುತ್ತಾರೆ. "ಬೇಡದ ಯೋಚನೆಗಳು ಬರ್ತವೆ, ಹೇಳೋಕೂ ನಾಚಿಕೆ" ಎಂದು ತಲೆ ತಗ್ಗಿಸುತ್ತಾರೆ. ಇಷ್ಟು ಹೇಳಲು ಅವರು ಎಷ್ಟೋ ವಾರಗಳಿಂದ ಧೈರ್ಯ ಕೂಡಿಸಿಕೊಂಡಿರುತ್ತಾರೆ. ಆಗ ನೀವು ಆಡುವ ಮೊದಲ ಮಾತಿನ ಬಗ್ಗೆಯೇ ಈ ಪತ್ರ.

ನಮ್ಮಲ್ಲಿ ಮೂರು ಉತ್ತರಗಳು ನಾಲಿಗೆಯ ತುದಿಯಲ್ಲೇ ಇರುತ್ತವೆ. ಇದು ಸೈತಾನನ ಹೋರಾಟ, ಗದರಿಸಿ ಓಡಿಸಬೇಕು. ಒಳಗೆಲ್ಲೋ ಅರಿಕೆ ಮಾಡದ ಪಾಪ ಕೂತಿದೆ, ಹುಡುಕಿ ತೆಗೆಯಬೇಕು. ನಂಬಿಕೆ ಸಾಲದು, ಇನ್ನೂ ಮೂರು ದಿನ ಉಪವಾಸ ಮಾಡಬೇಕು. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಸೈತಾನನಿದ್ದಾನೆ, ಪಾಪವಿದೆ, ನಂಬಿಕೆ ಬಾಡುವುದೂ ಉಂಟು. ಆದರೆ ಎದುರಿಗೆ ನಿಂತವರ ಕಥೆ ಪೂರ್ತಿ ಕೇಳುವ ಮೊದಲೇ ಆಡಿದರೆ, ಒಬ್ಬರಿಗೆ ನಿಜವಾಗುವ ಉತ್ತರ ಇನ್ನೊಬ್ಬರಿಗೆ ಗಾಯವಾಗುತ್ತದೆ. ಒಂದು ಭಾರ ಹೊತ್ತು ಬಂದವರು ಎರಡು ಭಾರ ಹೊತ್ತು ಮನೆಗೆ ಹೋಗುತ್ತಾರೆ. ಎಲ್ಲ ಜ್ವರಕ್ಕೂ ಒಂದೇ ಕಷಾಯ ಕುಡಿಸುವ ವೈದ್ಯನ ಹತ್ತಿರ ನಾವು ಮಕ್ಕಳನ್ನು ಕರೆದೊಯ್ಯುವುದಿಲ್ಲ. ಆತ್ಮಗಳ ವಿಷಯದಲ್ಲಿ ಮಾತ್ರ ಅದೇ ಅವಸರವನ್ನು ನಂಬಿಕೆಯೆಂದು ಕರೆಯುತ್ತಿದ್ದೇವೆ.

ವಿಶ್ವಾಸಿಯ ಒಳಗಿನ ಹೋರಾಟಕ್ಕೆ ಮೂಲ ಒಂದೇ ಅಲ್ಲ ಎಂದು ಸತ್ಯವೇದವೇ ತೋರಿಸುತ್ತದೆ. ಯಾವ ಮೂಲವೆಂದು ವಿವೇಚಿಸುವುದು ಸಭೆಗೆ ಸೇರಿದ ಕೆಲಸ. ಆ ಕೆಲಸ ಕಿವಿಯಿಂದ ಶುರುವಾಗಬೇಕು.

ಏಲಿ ಯಾಜಕನನ್ನು ನೆನೆಯಿರಿ. ಆತ ಶೀಲೋವಿನ ಆಲಯದ ಬಾಗಿಲ ಬಳಿ ಕೂತಿದ್ದಾಗ ಹನ್ನಳು ಪ್ರಾರ್ಥಿಸುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿ ಹೊರಬರುತ್ತಿರಲಿಲ್ಲ. ಮಕ್ಕಳಿಲ್ಲದ ಕೊರಗು, ವರ್ಷ ವರ್ಷವೂ ಸವತಿ ಪೆನಿನ್ನಳು ಆಡುತ್ತಿದ್ದ ಚುಚ್ಚುಮಾತು, ಪ್ರೀತಿಸುವ ಗಂಡ ಎಲ್ಕಾನನಿಗೂ ಮುಟ್ಟದ ಸಂಕಟ, ಇದೊಂದೂ ಏಲಿಗೆ ತಿಳಿದಿರಲಿಲ್ಲ. ಕಂಡದ್ದು ಅಲುಗುವ ತುಟಿ ಮಾತ್ರ. ಕುಡಿದು ಬಂದಿದ್ದಾಳೆಂದು ತೀರ್ಮಾನಿಸಿ ಗದರಿಸಿದ. ದೇವರ ಸನ್ನಿಧಿಯಲ್ಲೇ, ನುರಿತ ಯಾಜಕನೊಬ್ಬ ಎದೆಯಾಳದ ಪ್ರಾರ್ಥನೆಯನ್ನು ಮದ್ಯದ ಅಮಲೆಂದು ಬಗೆದ.

ಹನ್ನಳು ಸುಮ್ಮನೆ ಎದ್ದು ಹೋಗಬಹುದಿತ್ತು. ನಮ್ಮ ಸಭೆಗಳಿಂದ ಹಾಗೆ ಸುಮ್ಮನೆ ಎದ್ದು ಹೋದವರು ಬಹಳ ಮಂದಿ ಇದ್ದಾರೆ. ಆದರೆ ಆಕೆ ಬಾಯಿಬಿಟ್ಟಳು. ತಾನು ಮನನೊಂದವಳು, ಕುಡಿದವಳಲ್ಲ, ಕರ್ತನ ಮುಂದೆ ಮನಸ್ಸು ಬಿಚ್ಚಿಡುತ್ತಿದ್ದವಳು ಎಂದು ತಿಳಿಸಿದಳು. ಏಲಿಯ ದೊಡ್ಡತನ ಕಾಣುವುದು ಇಲ್ಲಿ. ಆತ ತನ್ನ ಮಾತನ್ನೇ ಸಾಧಿಸಲು ಹೋಗಲಿಲ್ಲ. ಆಕೆಯನ್ನು ನಂಬಿದ, ದನಿ ಬದಲಿಸಿದ, ಆಶೀರ್ವದಿಸಿ ಕಳಿಸಿದ. ಆಕೆ ಹೋಗಿ ಊಟ ಮಾಡಿದಳು, ಮುಖದ ದುಃಖ ಹೋಯಿತು ಎಂದು ಅದೇ ಅಧ್ಯಾಯ ಹೇಳುತ್ತದೆ. ಆ ಹೊತ್ತಿಗೆ ಸಮುವೇಲ ಇನ್ನೂ ಗರ್ಭದಲ್ಲಿ ಮೂಡಿರಲಿಲ್ಲ. ಮನೆಯ ಪರಿಸ್ಥಿತಿಯೂ ಬದಲಾಗಿರಲಿಲ್ಲ. ದೇವರ ಮುಂದೆ ಅತ್ತಿದ್ದಳು, ದೇವರ ಸೇವಕನೊಬ್ಬ ಅವಳ ಮಾತನ್ನು ಕೇಳಿಸಿಕೊಂಡು ನಂಬಿದ್ದ. ಅಷ್ಟರಿಂದಲೇ ಆಕೆಗೆ ಅನ್ನ ಗಂಟಲಲ್ಲಿ ಇಳಿಯಿತು.

ಇದೇ ಏಲಿಯ ಬಳಿ ಬೆಳೆದ ಹುಡುಗ ಸಮುವೇಲ ಒಂದು ರಾತ್ರಿ ಮೇಲಿಂದ ಮೇಲೆ ಎದ್ದು ಓಡಿ ಬಂದ. ಯಾರೋ ಕರೆದ ಹಾಗಾಗುತ್ತದೆ, ಯಾರೆಂದು ತಿಳಿಯದು. ಮೊದಲ ಎರಡು ಸಲ ಏಲಿ ಹೋಗಿ ಮಲಗೆಂದ. ಮೂರನೆಯ ಸಲ ಇದು ಕರ್ತನ ಕರೆ ಎಂದು ಆತನಿಗೆ ಹೊಳೆಯಿತು. ಹುಡುಗನಿಗೆ ಅವನು ದೊಡ್ಡ ಉಪದೇಶ ಕೊಡಲಿಲ್ಲ. ಮತ್ತೆ ಕರೆ ಬಂದರೆ ಏನೆಂದು ಉತ್ತರಿಸಬೇಕೆಂದು ಹೇಳಿಕೊಟ್ಟು ಕಳಿಸಿದ. ರಾತ್ರಿ ನಿದ್ದೆಗೆಡಿಸುವ ಕಳವಳವೆಲ್ಲ ಶತ್ರುವಿನದಲ್ಲ, ಕೆಲವೊಮ್ಮೆ ದೇವರೇ ಎಬ್ಬಿಸುತ್ತಾನೆ. ಅದನ್ನು ಗುರುತಿಸಲು ಅನುಭವಸ್ಥನಾದ ಏಲಿಗೂ ಮೂರು ಸಲ ಬೇಕಾಯಿತು. ನಾವು ಮೂರು ನಿಮಿಷದಲ್ಲಿ ತೀರ್ಪು ಕೊಡುವುದು ಸರಿಯೇ?

ಸತ್ಯವೇದದಲ್ಲಿ ಕಾಣುವ ಮೂಲಗಳನ್ನು ಒಂದೊಂದಾಗಿ ನೋಡೋಣ.

ಪಾಪದಿಂದ ಹುಟ್ಟುವ ಸಂಕಟವಿದೆ. ಮನುಷ್ಯನನ್ನು ಸೆಳೆದು ಮರುಳುಗೊಳಿಸುವುದು ಅವನ ಸ್ವಂತ ಆಸೆಯೇ ಎಂದು ಯಾಕೋಬನು ಬರೆಯುತ್ತಾನೆ. ಎಲ್ಲವನ್ನೂ ಸೈತಾನನ ಲೆಕ್ಕಕ್ಕೆ ಬರೆಯುವ ನಮ್ಮ ರೂಢಿಗೆ ಆ ಮಾತು ಒಂದು ತಡೆ. ಮೂವತ್ತೆರಡನೆಯ ಕೀರ್ತನೆಯಲ್ಲಿ ದಾವೀದನು ಪಾಪವನ್ನು ಮುಚ್ಚಿಟ್ಟುಕೊಂಡ ದಿನಗಳಲ್ಲಿ ಎಲುಬುಗಳೇ ಸವೆದವು, ಬೇಸಿಗೆಯಲ್ಲಿ ಬತ್ತಿದ ಹಾಗೆ ಶಕ್ತಿ ಬತ್ತಿತು ಎನ್ನುತ್ತಾನೆ. ಇಂಥ ಸಂಕಟಕ್ಕೆ ಮದ್ದು ಅರಿಕೆ ಮತ್ತು ಕ್ಷಮೆ. ಇಲ್ಲಿ ಬೆನ್ನು ಸವರಿ ಸಮಾಧಾನ ಹೇಳಿ ಕಳಿಸುವುದು ಪ್ರೀತಿಯಲ್ಲ. ನಾತಾನನು ದಾವೀದನ ಬಳಿ ಹೋಗಿ ನೇರವಾಗಿ ಹೇಳಿದ. ಆದರೆ ನಾತಾನನಿಗೆ ಏನು ನಡೆದಿದೆ ಎಂಬುದು ತಿಳಿದಿತ್ತು. ಊಹೆಯ ಮೇಲೆ ಬೆರಳು ತೋರಿಸಲಿಲ್ಲ.

ಶತ್ರುವಿನಿಂದ ಬರುವ ಹೋರಾಟವಿದೆ. ಅದನ್ನು ಅಲ್ಲಗಳೆಯುವವಳು ನಾನಲ್ಲ. ಅಡವಿಯಲ್ಲಿ ಯೇಸುವನ್ನೇ ಶೋಧಿಸಿದವನು ನಮ್ಮನ್ನು ಬಿಟ್ಟಾನೆಯೇ? ಆ ಶೋಧನೆ ಬಂದದ್ದು ನಲವತ್ತು ದಿನ ಉಪವಾಸವಿದ್ದು ಹಸಿದ ಮೇಲೆ. ಮೊದಲ ಏಟು ಬಿದ್ದದ್ದು ಆತನು ದೇವರ ಮಗನೆಂಬ ನಿಶ್ಚಯದ ಮೇಲೆ. ಯೊರ್ದನ್ ಹೊಳೆಯಲ್ಲಿ ತಂದೆಯು ಹೇಳಿದ್ದನ್ನೇ ಶತ್ರು ಪ್ರಶ್ನಿಸಿದ. ದಣಿದ ದೇಹ, ಒಂಟಿತನ, ದೇವರ ಪ್ರೀತಿಯ ಬಗ್ಗೆ ಅನುಮಾನ, ಈ ಮೂರೂ ಸೇರಿದ ಕಡೆ ಎಚ್ಚರ ಬೇಕು.

ದೇಹದ ಬಳಲಿಕೆಯಿಂದ ಬರುವ ಕುಸಿತವಿದೆ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದ ಎಲೀಯನು ಈಜೆಬೆಲಳ ಬೆದರಿಕೆಗೆ ಓಡಿ, ಅಡವಿಯ ಒಂದು ಗಿಡದ ಕೆಳಗೆ ಬಿದ್ದು, ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದ. ಇಂದು ನಮ್ಮ ಕೂಟಕ್ಕೆ ಬಂದಿದ್ದರೆ ಅವನಿಗೆ ಏನು ಹೇಳುತ್ತಿದ್ದೆವೋ! ದೇವರು ಮಾಡಿದ್ದು ಏನು? ಮಲಗಲು ಬಿಟ್ಟನು. ದೂತನು ಮುಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿದ. ಎಲೀಯನು ಮತ್ತೆ ಮಲಗಿದ, ದೂತನು ಮತ್ತೆ ಎಬ್ಬಿಸಿ ಉಣಿಸಿದ, ಮುಂದಿನ ದಾರಿ ಅವನ ಶಕ್ತಿಗೆ ಮೀರಿದ್ದೆಂದು ದೂತನೇ ಒಪ್ಪಿಕೊಂಡ. ಪ್ರಶ್ನೆ ಕೇಳಿದ್ದು ಆಮೇಲೆ, ಹೋರೇಬಿನ ಗವಿಯಲ್ಲಿ. ಎಲೀಯನು ಒಂದೇ ಗೋಳನ್ನು ಎರಡು ಸಲ ಹೇಳಿದರೂ ದೇವರು ಕೇಳಿದನು. ನಾನೊಬ್ಬನೇ ಉಳಿದೆ ಎಂದವನಿಗೆ ಇನ್ನೂ ಏಳು ಸಾವಿರ ಮಂದಿ ಇದ್ದಾರೆಂದು ತಿಳಿಸಿ, ಎಲೀಷನನ್ನು ಜೊತೆಗೆ ಕೊಟ್ಟನು. ನಿದ್ದೆ, ಊಟ, ಮಾತು, ಸಂಗಾತಿ, ಕೆಲಸ: ದೇವರ ಈ ಕ್ರಮವನ್ನು ನಮ್ಮ ಸಭೆಗಳು ಕಲಿಯಬೇಕು.

ದುಃಖದಿಂದ ಬರುವ ಕತ್ತಲೆಯಿದೆ. ಸಾವು, ಸಾಲ, ಮುರಿದ ಮದುವೆ, ಮನೆಯೊಳಗಿನ ಹೊಡೆತ ಬಡಿತ, ಮಕ್ಕಳ ಕಾಯಿಲೆ. ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಾಟವೇ. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕಿನ ಒಂದು ಸಾಲಿಲ್ಲ. ಅದನ್ನು ಪವಿತ್ರಾತ್ಮನು ಆರಾಧನೆಯ ಪುಸ್ತಕದೊಳಗೇ ಇಟ್ಟಿದ್ದಾನೆ. ಅಳುವುದು ಅವಿಶ್ವಾಸವಾಗಿದ್ದರೆ ಆ ಕೀರ್ತನೆ ಅಲ್ಲಿರುತ್ತಿರಲಿಲ್ಲ. ಗಂಡನ ಕೈಯಲ್ಲಿ ಪೆಟ್ಟು ತಿಂದು ಬಂದವಳಿಗೆ ಒಳಗಿನ ಸಮಾಧಾನಕ್ಕಾಗಿ ಪ್ರಾರ್ಥಿಸು ಎಂದಷ್ಟೇ ಹೇಳಿ ಕಳಿಸಿದರೆ, ಸಂಕಟದ ಮೂಲವನ್ನು ಅವಳ ಆತ್ಮದಲ್ಲಿ ಹುಡುಕಿದಂತಾಯಿತು. ಮೂಲ ಅವಳ ಮನೆಯಲ್ಲಿದೆ. ಅವಳಿಗೆ ಬೇಕಾದದ್ದು ರಕ್ಷಣೆ.

ದೇವರೇ ನಡೆಸುವ ಒಣ ದಾರಿಯೂ ಇದೆ. ಸ್ಪೇನಿನ ಕಾರ್ಮೆಲ್ ಸಭೆಯ ಸನ್ಯಾಸಿ ಶಿಲುಬೆಯ ಸಂತ ಯೋಹಾನರು 1577ರಿಂದ 1578ರವರೆಗೆ ತೊಲೆದೊ ಪಟ್ಟಣದಲ್ಲಿ ತಮ್ಮ ಸಭೆಯವರದೇ ಸೆರೆಯಲ್ಲಿದ್ದವರು. ಪ್ರಾರ್ಥನೆಯ ರುಚಿ ಬತ್ತಿಹೋಗುವ ಕಾಲವನ್ನು ಅವರು ಆತ್ಮದ ಕತ್ತಲ ರಾತ್ರಿ ಎಂದು ಕರೆದರು. ಆದರೆ ಬತ್ತಿದ್ದೆಲ್ಲ ದೇವರಿಂದಲೇ ಎಂದು ಅವರು ಹೇಳಲಿಲ್ಲ. ಮೂರು ಗುರುತು ಕೊಟ್ಟರು. ದೇವರ ವಿಷಯದಲ್ಲಿ ಮಾತ್ರವಲ್ಲದೆ ಲೋಕದ ಯಾವುದರಲ್ಲೂ ರುಚಿ ಹತ್ತದಿರುವುದು. ನಾನು ದೇವರನ್ನು ಸೇವಿಸುತ್ತಿಲ್ಲವಲ್ಲ ಎಂಬ ಕಳವಳ ಬಿಡದೆ ಕಾಡುವುದು. ಮೊದಲಿನ ಹಾಗೆ ಧ್ಯಾನಿಸಲು ಎಷ್ಟು ಹೆಣಗಿದರೂ ಆಗದಿರುವುದು. ಲೋಕದ ಸುಖಗಳಲ್ಲಿ ರುಚಿ ಉಳಿದು ದೇವರಲ್ಲಿ ಮಾತ್ರ ಬೇಸರವಾದರೆ ಅದು ನಮ್ಮ ಉದಾಸೀನ. ದೇವರ ಹಂಬಲವೂ ಇಲ್ಲದೆ ಎಲ್ಲವೂ ಸಪ್ಪೆಯಾದರೆ ಅದು ಖಿನ್ನತೆಯ ಕಾಯಿಲೆ ಇರಬಹುದು ಎಂದು ನಾಲ್ಕು ಶತಮಾನಗಳ ಹಿಂದೆಯೇ ಅವರು ಬೇರ್ಪಡಿಸಿ ತೋರಿಸಿದರು. ಎರಡೂ ಒಟ್ಟಿಗೆ ಇರಬಹುದೆಂದೂ ಒಪ್ಪಿದರು.

ಆ ಕೊನೆಯ ಮಾತು ಬಹಳ ಮುಖ್ಯ. ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ಸೈತಾನನ ದೂತನೆಂದೇ ಕರೆದ. ಅದೇ ಉಸಿರಿನಲ್ಲಿ ತಾನು ಹೆಮ್ಮೆಪಡದಂತೆ ಅದು ಕೊಡಲ್ಪಟ್ಟಿತೆಂದೂ ಹೇಳಿದ. ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ, ಕೃಪೆ ಸಿಕ್ಕಿತು. ಒಂದೇ ಸಂಕಟದಲ್ಲಿ ದೇಹ, ಶತ್ರು, ದೇವರ ಉದ್ದೇಶ ಮೂರೂ ಹೆಣೆದುಕೊಂಡಿದ್ದವು. ಯೋಬನ ಕಥೆ ಇನ್ನೂ ಗಂಭೀರ. ಅಲ್ಲಿ ಸೈತಾನನ ಕೈವಾಡ ನಿಜವಾಗಿಯೂ ಇತ್ತು, ಆದರೆ ಭೂಮಿಯ ಮೇಲಿದ್ದ ಯಾರಿಗೂ ಅದು ತಿಳಿದಿರಲಿಲ್ಲ. ಗೆಳೆಯರು ಏಳು ದಿನ ಬಾಯಿಮುಚ್ಚಿ ಜೊತೆಗೆ ಕೂತಾಗ ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದು ಪಾಪವೇ ಕಾರಣವೆಂದಾಗ ದೇವರ ಕೋಪಕ್ಕೆ ಗುರಿಯಾದರು. ಯೋಬನಿಗೆ ಕೊನೆಯವರೆಗೂ ಕಾರಣ ತಿಳಿಸಲಾಗಲಿಲ್ಲ. ಆದರೂ ಅವನು ದೇವರನ್ನು ಕಂಡ. ಮೂಲ ತಿಳಿಯದಿದ್ದರೂ ನಂಬಿಕೆ ಬದುಕಬಲ್ಲದು. ಆದ್ದರಿಂದ ತಿಳಿಯದು ಎಂದು ಹೇಳಲು ನಾವು ಅಂಜಬೇಕಿಲ್ಲ.

ಹಾಗಾದರೆ ವಿವೇಚಿಸುವುದು ಹೇಗೆ?

ಪವಿತ್ರಾತ್ಮನ ಎಚ್ಚರಿಕೆಗೂ ದೂರುಗಾರನ ಆಪಾದನೆಗೂ ಇರುವ ವ್ಯತ್ಯಾಸವನ್ನು ಮೊದಲು ಕಲಿಸಿರಿ. ಪವಿತ್ರಾತ್ಮನು ಒಂದು ನಿರ್ದಿಷ್ಟ ತಪ್ಪಿನ ಮೇಲೆ ಬೆಳಕು ಚೆಲ್ಲುತ್ತಾನೆ: ನೆನ್ನೆ ಆಡಿದ ಸುಳ್ಳು, ತಮ್ಮನಿಗೆ ಕೊಡದ ಪಾಲು. ಹಿಂದಿರುಗುವ ದಾರಿಯನ್ನೂ ತೋರಿಸುತ್ತಾನೆ. ದೂರುಗಾರನು ಮನುಷ್ಯನನ್ನೇ ಇಡಿಯಾಗಿ ಹಳಿಯುತ್ತಾನೆ: ನೀನು ಯಾವತ್ತೂ ಹೀಗೇ, ನಿನಗೆ ಕ್ಷಮೆಯಿಲ್ಲ, ಸಭೆಗೆ ಯಾವ ಮುಖ ಇಟ್ಟುಕೊಂಡು ಹೋಗುತ್ತೀ. ಮೊದಲನೆಯದು ಕ್ರಿಸ್ತನ ಕಡೆಗೆ ನೂಕುತ್ತದೆ, ಎರಡನೆಯದು ಕ್ರಿಸ್ತನಿಂದ ಅಡಗಿಸುತ್ತದೆ. ದೇವರ ಚಿತ್ತಾನುಸಾರವಾದ ದುಃಖ ಮಾನಸಾಂತರವನ್ನು ಹುಟ್ಟಿಸುತ್ತದೆ, ಲೋಕದ ದುಃಖ ಮರಣವನ್ನು ತರುತ್ತದೆ ಎಂದು ಪೌಲನು ಕೊರಿಂಥದವರಿಗೆ ತಿಳಿಸಿದ್ದು ಇದನ್ನೇ. ಪೇತ್ರನೂ ಯೂದನೂ ಒಂದೇ ರಾತ್ರಿ ತಪ್ಪಿದರು, ಇಬ್ಬರೂ ನೊಂದರು. ಪೇತ್ರನು ಅತ್ತು, ಶಿಷ್ಯರ ನಡುವೆ ಉಳಿದುಕೊಂಡ. ಯೂದನು ಬೆಳ್ಳಿ ನಾಣ್ಯಗಳನ್ನು ಹಿಡಿದು ಮಹಾಯಾಜಕರ ಬಳಿಗೂ ಹಿರಿಯರ ಬಳಿಗೂ ಹೋಗಿ ತಾನು ಪಾಪಮಾಡಿದೆನೆಂದು ಒಪ್ಪಿಕೊಂಡ. ಅವರು ಅದು ನಮಗೆ ಸಂಬಂಧಿಸಿದ್ದಲ್ಲ, ನೀನೇ ನೋಡಿಕೋ ಎಂಬರ್ಥದಲ್ಲಿ ಉತ್ತರಿಸಿ ಕಳಿಸಿದರು. ಅವನು ಒಬ್ಬನೇ ಹೊರಟುಹೋದ. ಸಭೆಯನ್ನು ನಡೆಸುವವರೆಲ್ಲ ಈ ಭಾಗವನ್ನು ನಡುಗುತ್ತಾ ಓದಬೇಕು. ಅಂಥ ಉತ್ತರ ನಮ್ಮ ಬಾಯಿಂದ ಬರಬಾರದು.

ಎರಡನೆಯದು, ಯೋಚನೆಗಳ ಜಾಡು ಹಿಡಿಯುವುದು. 1521ರಲ್ಲಿ ಪಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲಾ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ವೀರನಾಗಿ ಮೆರೆಯುವ ಕನಸು, ಸಂತರಂತೆ ಬದುಕುವ ಕನಸು, ಎರಡೂ ಆಗ ಅವರಿಗೆ ಸಂತೋಷ ಕೊಡುತ್ತಿದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಿದಾಗುತ್ತಿತ್ತು, ಎರಡನೆಯದರ ನಂತರ ನೆಮ್ಮದಿ ಉಳಿಯುತ್ತಿತ್ತು. ಯೋಚನೆ ಬರುವಾಗ ಹೇಗಿದೆ ಎನ್ನುವುದಕ್ಕಿಂತ ಹೋದ ಮೇಲೆ ಏನನ್ನು ಬಿಟ್ಟುಹೋಗುತ್ತದೆ ಎನ್ನುವುದನ್ನು ನೋಡಲು ಅವರು ಅಲ್ಲಿ ಕಲಿತರು. ಅದೇ ಮುಂದೆ ಅವರ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕದ ವಿವೇಚನೆಯ ನಿಯಮಗಳಾಯಿತು. 1548ರಲ್ಲಿ ಮೂರನೆಯ ಪೌಲ್ ಪೋಪರು ಆ ಪುಸ್ತಕಕ್ಕೆ ಒಪ್ಪಿಗೆಯಿತ್ತರು. ಅದರ ಎರಡು ನಿಯಮಗಳು ಯಾವ ಸಭೆಯವರಿಗೂ ಉಪಯೋಗಕ್ಕೆ ಬರುತ್ತವೆ. ಮನಸ್ಸು ಕುಸಿದಿರುವಾಗ ಹಿಂದೆ ದೇವರ ಮುಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡಿ. ಶತ್ರು ಗುಟ್ಟನ್ನು ಬಯಸುತ್ತಾನೆ, ಆದ್ದರಿಂದ ನಂಬಿಕಸ್ಥರೊಬ್ಬರ ಮುಂದೆ ಬಾಯಿಬಿಡಿ. ಕಳವಳದ ನಡುವೆ ಸಭೆ ಬಿಡುವ, ಕೆಲಸ ಬಿಡುವ, ಮದುವೆ ಮುರಿಯುವ ಮಾತೆತ್ತುವವರಿಗೆ ಮೊದಲನೆಯ ನಿಯಮ ಬೇಕು. ಆದರೆ ಪ್ರಾಣಕ್ಕೆ ಅಪಾಯವಿರುವ ಮನೆಯಿಂದ ಹೊರಬರಲು ಯಾರೂ ಮನಸ್ಸು ತಿಳಿಯಾಗುವವರೆಗೆ ಕಾಯಬಾರದು.

ಇನ್ನೊಂದು ಘಟನೆಯನ್ನು ಉಪವಾಸ ಪ್ರಾರ್ಥನೆಗಳನ್ನು ನಡೆಸುವವರು ಮರೆಯಬಾರದು. 1522ರಲ್ಲಿ ಮನ್ರೇಸದಲ್ಲಿದ್ದಾಗ ಇದೇ ಇಗ್ನೇಷಿಯಸರನ್ನು ಯಾವುದೋ ಪಾಪವನ್ನು ಅರಿಕೆ ಮಾಡದೆ ಉಳಿಸಿದ್ದೇನೆಂಬ ಗುಮಾನಿ ಹಿಡಿದು ಕಾಡಿತು. ಎಷ್ಟು ಸಲ ಪಾಪನಿವೇದನೆ ಮಾಡಿದರೂ ತೃಪ್ತಿಯಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಬಿಡುಗಡೆ ಸಿಗುವವರೆಗೆ ಉಣ್ಣುವುದಿಲ್ಲವೆಂದು ಒಂದು ವಾರ ಉಪವಾಸ ಹಿಡಿದರು. ಅವರ ಗುರುಗಳು ಉಪವಾಸ ಮುರಿಯಲು ಆಜ್ಞಾಪಿಸಿದರು, ಅವರು ವಿಧೇಯರಾಗಿ ಉಂಡರು. ಮತ್ತೆ ಮತ್ತೆ ಅರಿಕೆ ಮಾಡಿದರೂ ಬಿಡದ ಪಾಪಭೀತಿ, ಬೇಡವೆಂದರೂ ನುಗ್ಗುವ ದೇವದೂಷಣೆಯ ಯೋಚನೆ, ಇವನ್ನು ಇಂದಿನ ವೈದ್ಯರು ಗೀಳು ಕಾಯಿಲೆಯ ಒಂದು ರೂಪವೆಂದು ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯಿದೆ. ಅಂಥವರನ್ನು ಇನ್ನಷ್ಟು ಪಾಪ ಹುಡುಕಲು ಹಚ್ಚಿದರೆ, ಹೆಚ್ಚು ದಿನ ಉಪವಾಸ ಇರಿಸಿದರೆ, ನಾವೇ ಕಾಯಿಲೆಯನ್ನು ಬೆಳೆಸಿದಂತೆ. ಆ ಯೋಚನೆ ಕಂಡು ಅವರು ಅಷ್ಟು ನೋಯುತ್ತಿರುವುದೇ ಅದು ಅವರ ಇಚ್ಛೆಯಲ್ಲವೆಂಬುದಕ್ಕೆ ಸಾಕ್ಷಿ ಎಂದು ಹೇಳಿ, ವೈದ್ಯರ ಬಳಿ ಕರೆದೊಯ್ಯಿರಿ.

ಕಾಯಿಲೆಯ ಮಾತು ಬಂದಾಗ ನಮ್ಮವರಿಗೆ ನಾಚಿಕೆ. ಪ್ರಾರ್ಥಿಸುವವರಿಗೆ ಖಿನ್ನತೆ ಬರಬಾರದೆಂಬ ಭಾವನೆ. ಲಂಡನ್ನಿನ ಬ್ಯಾಪ್ಟಿಸ್ಟ್ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ನರ ಪ್ರಸಂಗಗಳನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. 1856ರ ಅಕ್ಟೋಬರ್ 19ರಂದು ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ ಅವರು ಬೋಧಿಸುತ್ತಿದ್ದಾಗ ಯಾರೋ ಬೆಂಕಿಯೆಂದು ಸುಳ್ಳು ಕೂಗೆಬ್ಬಿಸಿ, ನೂಕುನುಗ್ಗಲಿನಲ್ಲಿ ಏಳು ಮಂದಿ ಸತ್ತರು. ಆಗ ಅವರಿಗೆ 22 ವರ್ಷ. ಆ ಆಘಾತವೂ ಮುಂದೆ ಸಂಧಿವಾತದ ನೋವೂ ತಂದ ಖಿನ್ನತೆ ಅವರನ್ನು ಜೀವಮಾನವಿಡೀ ಕಾಡಿತು. ಅವರು ಅದನ್ನು ಮುಚ್ಚಿಡಲಿಲ್ಲ. ಬೋಧಕರಾಗಲಿದ್ದ ವಿದ್ಯಾರ್ಥಿಗಳಿಗೆ ದೇಹದ ನೋವು, ಅತಿಯಾದ ದುಡಿಮೆ, ಒಂಟಿತನ ದೇವರ ಸೇವಕನನ್ನೂ ಕುಗ್ಗಿಸುತ್ತವೆ ಎಂದು ಬಿಡಿಸಿ ಹೇಳಿದರು. ಭಕ್ತಿಗೀತೆಗಳ ಕವಿ ವಿಲಿಯಂ ಕೌಪರರು 1773ರ ನಂತರ ದೇವರು ತನ್ನನ್ನು ತಳ್ಳಿಬಿಟ್ಟನೆಂಬ ನಂಬಿಕೆಯಿಂದ ಪೂರ್ತಿ ಬಿಡಿಸಿಕೊಳ್ಳಲೇ ಇಲ್ಲ. ಅವರ ಹಾಡುಗಳು ಇತರರನ್ನು ದೇವರ ಬಳಿ ತಂದವು. ಅವರ ಸಭಾಪಾಲಕ ಗೆಳೆಯ ಜಾನ್ ನ್ಯೂಟನ್ ಆ ಕತ್ತಲೆಯನ್ನು ಕೌಪರರ ಅವಿಶ್ವಾಸವೆಂದು ಬಗೆದು ದೂರ ಸರಿಯಲಿಲ್ಲ. ಕಾಯಿಲೆಯ ದನಿ ಎಷ್ಟೋ ಸಲ ವೇದವಾಕ್ಯದ ಭಾಷೆಯಲ್ಲೇ ಮಾತಾಡುತ್ತದೆ. ಅದನ್ನು ದೇವರ ತೀರ್ಪೆಂದು ನಂಬಬಾರದು.

ಆದ್ದರಿಂದ ನಿಮ್ಮ ಬಳಿ ಬಂದವರನ್ನು ಇಷ್ಟನ್ನು ಕೇಳಿರಿ: ನಿದ್ದೆ ಬರುತ್ತಿದೆಯೇ? ಊಟ ಸೇರುತ್ತಿದೆಯೇ? ಇದು ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಮನೆಯಲ್ಲಿ ಏನಾದರೂ ನಡೆಯಿತೇ? ಹೆರಿಗೆಯಾಗಿ ಎಷ್ಟು ದಿನವಾಯಿತು? ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಯಾರಾದರೂ ನಿಮ್ಮನ್ನು ಹೆದರಿಸುತ್ತಿದ್ದಾರೆಯೇ? ಥೈರಾಯ್ಡ್ ಕೊರತೆಯಿಂದಲೂ ಮನಸ್ಸು ಮಂಕಾಗುತ್ತದೆ. ಅದು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಬಾಣಂತಿಯರಿಗೆ ಬರುವ ಖಿನ್ನತೆಗೆ ಮದ್ದಿದೆ. ಮಗುವಿನ ಮೇಲೆ ಮಮತೆ ಹುಟ್ಟುತ್ತಿಲ್ಲವೆಂದು ಅಳುವ ಹೆಣ್ಣುಮಗಳಿಗೆ ನಂಬಿಕೆ ಸಾಲದೆಂದು ಹೇಳುವುದು ಕ್ರೌರ್ಯ. ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಎರಡು ವಾರ ದಾಟಿದರೂ ಮಂಕು ಕವಿದೇ ಇದ್ದರೆ, ವೈದ್ಯರನ್ನು ಕಾಣಿಸಲೇಬೇಕು.

ಬದುಕು ಸಾಕಾಗಿದೆ ಎಂಬ ಸುಳಿವು ಮಾತಿನಲ್ಲಿ ಕಂಡರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ಪ್ರತಿ ಸಭೆಯ ಸೂಚನಾ ಫಲಕದಲ್ಲಿ ಇರಲಿ.

ಮನೋವೈದ್ಯರ ಬಳಿ ಹೋಗುವುದು ನಮ್ಮ ಪರಂಪರೆಗೆ ಹೊರತಾದದ್ದೆಂದು ಯಾರೂ ತಿಳಿಯಬೇಡಿ. ಇಗ್ನೇಷಿಯಸರೇ ಸ್ಥಾಪಿಸಿದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲು ಶುರುಮಾಡಿದ್ದು ಇಂದು ದೊಡ್ಡ ಆಸ್ಪತ್ರೆಯಾಗಿದೆ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಆಸ್ಪತ್ರೆಯಿದೆ. ಎರಡರಲ್ಲೂ ಮನೋವೈದ್ಯ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯಾಯಿತು. ಕನ್ನಡ ನಾಡು ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದೆ. ನಮ್ಮ ಕೂಟಗಳಿಂದ ಅಲ್ಲಿಗೆ ಹೋಗುವ ದಾರಿಯನ್ನು ನಾವೇ ಮುಚ್ಚಬಾರದು.

ಬಿಡುಗಡೆ ಪ್ರಾರ್ಥನೆಯ ಬಗ್ಗೆ ಒಂದು ಮಾತು. ದೆವ್ವ ಬಿಡಿಸುವ ವಿಧಿಯನ್ನು ಉಳಿಸಿಕೊಂಡಿರುವ ಕಥೋಲಿಕ ಸಭೆಯೇ 1614ರ ವಿಧಿಗ್ರಂಥದಲ್ಲಿ, ಒಬ್ಬರಿಗೆ ದೆವ್ವ ಹಿಡಿದಿದೆಯೆಂದು ಸುಲಭವಾಗಿ ನಂಬಬಾರದೆಂದು ಗುರುಗಳನ್ನು ಎಚ್ಚರಿಸಿದೆ. ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಆ ವಿಧಿಯನ್ನು ಇಂದಿಗೂ ಯಾವ ಗುರುವೂ ನಡೆಸುವಂತಿಲ್ಲ. ಅಷ್ಟು ಹಳೆಯ ಸಭೆಗೆ ಇರುವ ಆ ಎಚ್ಚರ ನಮ್ಮ ಮನೆಕೂಟಗಳಿಗೂ ಬೇಕು. ಜೋರಾಗಿ ಕೂಗುವುದು, ತಲೆ ಹಿಡಿದು ಅಲುಗಿಸುವುದು, ಹೊಡೆಯುವುದು, ಕಟ್ಟಿಹಾಕುವುದು, ಮಾತ್ರೆ ನಿಲ್ಲಿಸಲು ಹೇಳುವುದು, ಇವು ಯಾವುದೂ ಯೇಸುವಿನ ಹೆಸರಿನಲ್ಲಿ ನಡೆಯಬಾರದು. ಮಾತ್ರೆ ನಿಲ್ಲಿಸುವುದು, ಮುಂದುವರಿಸುವುದು ವೈದ್ಯರಿಗೆ ಬಿಟ್ಟದ್ದು.

ಇನ್ನು ಗುಟ್ಟಿನ ಮಾತು. ಒಬ್ಬರು ಅಳುತ್ತಾ ಹೇಳಿಕೊಂಡದ್ದು ಸಂಜೆಯ ಹೊತ್ತಿಗೆ ವಾಟ್ಸ್ಆಪ್ ಗುಂಪಿನಲ್ಲಿ ಪ್ರಾರ್ಥನಾ ವಿಷಯವಾಗಿ ಬಂದರೆ, ಅವರು ಮತ್ತೆ ಯಾರ ಮುಂದೆಯೂ ಬಾಯಿಬಿಡುವುದಿಲ್ಲ. ಕೇಳದೆ ಹೆಸರು ಹೇಳಬೇಡಿ, ಊರ ಹೆಸರನ್ನೂ ಹೇಳಬೇಡಿ. ಗುಣವಾಗುವ ಮೊದಲೇ ಸಾಕ್ಷಿ ಹೇಳಿಸಬೇಡಿ. ಮತ್ತೆ ಕುಸಿದಾಗ ಅವರಿಗೆ ದೇವರ ಮುಖವನ್ನೂ ಸಭೆಯ ಮುಖವನ್ನೂ ನೋಡಲು ಆಗುವುದಿಲ್ಲ. ಹೆಣ್ಣುಮಕ್ಕಳ ಸಂಕಟ ಕೇಳಲು ಪಕ್ವವಾದ ಹೆಂಗಸರನ್ನು ಸಿದ್ಧಪಡಿಸಿ. ಒಬ್ಬರೇ ಎಲ್ಲವನ್ನೂ ಹೊರಬೇಡಿ. ನೀವೂ ದಣಿಯುತ್ತೀರಿ, ನಿಮಗೂ ಒಬ್ಬ ಎಲೀಷ ಬೇಕು.

ಈ ಪತ್ರವನ್ನು ಹೋರಾಟದಲ್ಲಿರುವವರೇ ಓದುತ್ತಿದ್ದರೆ, ನಿಮಗೂ ಒಂದು ಮಾತು. ಕೋಲ್ಕತ್ತದ ಮದರ್ ತೆರೇಸಾ ದಶಕಗಳ ಕಾಲ ದೇವರ ಇರವನ್ನೇ ಅನುಭವಿಸದೆ ಕತ್ತಲೆಯಲ್ಲಿ ನಡೆದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಅಷ್ಟೂ ಕಾಲ ಅವರು ಬಡವರನ್ನು ಎತ್ತಿಕೊಂಡರು, ಪ್ರಾರ್ಥನೆ ಬಿಡಲಿಲ್ಲ, ತಮ್ಮ ಗುರುಗಳಿಗೆ ಬರೆದು ಬಿಚ್ಚಿ ಹೇಳಿಕೊಂಡರು. ಅನುಭವ ಇಲ್ಲವೆಂದ ಮಾತ್ರಕ್ಕೆ ದೇವರು ಇಲ್ಲವೆಂದಲ್ಲ. ನಿಮ್ಮ ಸಂಕಟ ಯಾವ ಮೂಲದ್ದೇ ಆಗಿರಲಿ, ಅದನ್ನು ಒಬ್ಬರೇ ಹೊರಬೇಡಿ. ಒಬ್ಬರು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಹನ್ನಳ ಹಾಗೆ ಮತ್ತೊಮ್ಮೆ ಹೇಳಿ, ಇಲ್ಲವೇ ಬೇರೊಬ್ಬರಿಗೆ ಹೇಳಿ. ಆತ್ಮಗಳನ್ನು ಪರೀಕ್ಷಿಸಿರಿ ಎಂದು ಯೋಹಾನನು ಬರೆದದ್ದು ಇಡೀ ಸಭೆಗೆ. ಈ ಪರೀಕ್ಷೆ ನೀವೊಬ್ಬರೇ ಬರೆಯಬೇಕಾದದ್ದಲ್ಲ.

ಹಿರಿಯರೇ, ಮುಂದಿನ ಕೂಟದ ಕೊನೆಯಲ್ಲಿ ಯಾರಾದರೂ ಹತ್ತಿರ ಬಂದು ನಿಂತರೆ, ಅವರನ್ನು ಕೂರಿಸಿ, ಅವರ ಮಾತು ಮುಗಿಯುವವರೆಗೂ ಕೇಳಿ. ಪಾಪವಿದ್ದರೆ ಕ್ಷಮೆಯ ದಾರಿ ತೋರಿಸಿ. ಶತ್ರುವಿದ್ದರೆ ಜೊತೆಗೆ ನಿಂತು ಪ್ರಾರ್ಥಿಸಿ. ಕಾಯಿಲೆಯಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಅನ್ಯಾಯವಿದ್ದರೆ ಅದನ್ನು ತಡೆಯಿರಿ. ದುಃಖವಿದ್ದರೆ ಅಳುವವರ ಸಂಗಡ ಅಳಿರಿ. ಮೂಲ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಆದರೆ ಅವರ ಕೈಬಿಡಬೇಡಿ. ಕುರಿಗಳನ್ನು ಮೇಯಿಸು ಎಂದು ಕರ್ತನು ಪೇತ್ರನಿಗೆ ಒಪ್ಪಿಸಿದ ಕೆಲಸದಲ್ಲಿ ಇದೂ ಸೇರಿದೆ. ದಯವಿಟ್ಟು ಇದನ್ನು ಅವಸರದಲ್ಲಿ ಮಾಡಬೇಡಿ.

ಇಂತಿ,
ಕ್ರಿಸ್ತನಲ್ಲಿ ನಿಮ್ಮ ಸಹೋದರಿ